ಡ್ಯಾನಿಯ ಹೆಸರಿನ ಶಲ್ಯ

ಸಿರುಮುಗೈ

ನನ್ನ ಗಂಡನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಅತ್ತೆ ಮಾವನಿಗೂ ಅಷ್ಟೆ. ಕೋಯಂಬತ್ತೂರಿನ ಹತ್ತಿರದ ಸಿರುಮುಗೈಯ ನಮ್ಮ ನೇಕಾರರ ಬೀದಿಯಲ್ಲಿ ಒಲೆಯ ಮುಂದೆ, ಮಗ್ಗದ ಮುಂದೆ ಕನ್ನಡವೇ; ಅಂಗಡಿ ಬೋರ್ಡಿನಿಂದ ಹಿಡಿದು ಮದುವೆಯ ಕರೆಯೋಲೆಯವರೆಗೆ ಬರಹವೆಲ್ಲ ತಮಿಳು. ಹಾಗಾಗಿ ನಾನು ಇಲ್ಲಿ ಬರೆಯುವುದನ್ನು ನಮ್ಮ ಮನೆಯವರು ಓದಿಯಾರೆಂಬ ಭಯವಿಲ್ಲ. ನಾನು ಕೊಳ್ಳೇಗಾಲದವಳು, ಪಿಯುಸಿವರೆಗೆ ಓದಿದವಳು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನದು ‘ಬುಕ್ಕು ಕನ್ನಡ’ ಎಂದು ಬೀದಿಯ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು.

ಎಂಬತ್ತೈದರಲ್ಲಿ ಕೈಮಗ್ಗದ ಇಲಾಖೆಯವರು ಜೀಪಿನಲ್ಲಿ ಬಂದು, ಅಮೆರಿಕದಲ್ಲಿ ಮುಚ್ಚಿಹೋದ ಗಿರಣಿಯೊಂದನ್ನು ಮ್ಯೂಸಿಯಂ ಮಾಡಿದ್ದಾರೆ, ಅಲ್ಲಿ ರೇಷ್ಮೆ ನೇಯ್ದು ತೋರಿಸಲು ಒಬ್ಬರು ಬೇಕು ಎಂದರು. ಬೀದಿಯವರೆಲ್ಲ ನಮ್ಮ ಮಾವ ಚೌಡಪ್ಪನವರತ್ತ ಕೈ ತೋರಿಸಿದರು. ಅವರು ನೇಯ್ದ ಅಂಚಿನಲ್ಲಿ ಒಂದೆಳೆಯೂ ಆಚೀಚೆ ಆಗುವುದಿಲ್ಲವೆಂದು ಊರೇ ಹೇಳುತ್ತದೆ. ಊರು ಮರೆತರೆ ಮಾವನೇ ನೆನಪಿಸುತ್ತಾರೆ. ಜೊತೆಗೆ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಕೊಡಲು, ಎಳೆ ಕಡಿದರೆ ಜೋಡಿಸಲು, ಇಂಗ್ಲಿಷಿನಲ್ಲಿ ಮಾತಾಡಲು ಇನ್ನೊಬ್ಬರು ಬೇಕಿತ್ತು. ಈ ಮೂರೂ ಗೊತ್ತಿದ್ದವಳು ನಾನೊಬ್ಬಳೇ. ಇಂಗ್ಲಿಷ್ ಗೊತ್ತು ಎಂದರೆ ಪರೀಕ್ಷೆಯಲ್ಲಿ ಬರೆಯುವಷ್ಟು ಗೊತ್ತು, ಅದನ್ನು ಆಡುವವರ ಬಾಯಿಂದ ಎಂದೂ ಕೇಳಿರಲಿಲ್ಲ.

ಅತ್ತೆ ಒಪ್ಪಲಿಲ್ಲ. “ಮಾವನ ಜತೇಲಿ ಸೊಸೆ ಸೀಮೆಗ್ ಹೋಗದಾ? ನಾಲ್ಕ್ ಜನ ಏನ್ ಹೇಳ್ತಾರೆ?” ಎಂದರು.

“ಆ ನಾಲ್ಕ್ ಜನ ಬಂದು ಅಲ್ಲಿ ಕಂಡಿಕೆ ಸುತ್ತುತಾರಾ ಕೇಳು,” ಎಂದರು ಮಾವ. ಮಾತು ಅಲ್ಲಿಗೆ ಮುಗಿಯಿತು.

ಮಗ್ಗವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿಸಿದ್ದಾಯಿತು. ಮಗ್ಗಕ್ಕೆ ಏರಿಸುವ ಉದ್ದೆಳೆಗಳ ಎರಡು ಹಾಸು ಸಿದ್ಧಮಾಡಿಕೊಂಡೆವು: ಒಂದು ಸೀರೆಗೆ, ಇನ್ನೊಂದು ಕೆಂಪಂಚಿನ ಬಿಳಿ ರೇಷ್ಮೆಯ ಶಲ್ಯಗಳಿಗೆ. ದೊಡ್ಡವರು ಯಾರಾದರೂ ಬಂದರೆ ಹೊದಿಸಬೇಕಲ್ಲ! ಕರುಮತ್ತಂಪಟ್ಟಿಯಲ್ಲಿ ಪವರ್‌ಲೂಮ್ ಇಟ್ಟಿರುವ ನಮ್ಮ ನೆಂಟರೊಬ್ಬರು ಕೋಯಂಬತ್ತೂರಿನ ರೈಲು ನಿಲ್ದಾಣದವರೆಗೆ ಬಂದು, “ಅಂಗೆ ಪವರ್‌ಲೂಮ್ ದುಪ್ಪಟಿಗೂ ಗಿರಾಕಿ ಸಿಕ್ಕುತಾರಾ ನೋಡಿ ಮಾಮಾ,” ಎಂದು ಮಾವನ ಕಿವಿಯಲ್ಲಿ ಹೇಳಿ ಹೋದರು.

ಬಾಸ್ಟನ್

ವಿಮಾನದ ಬಗ್ಗೆ ಬರೆಯಲು ನನಗೆ ಏನೂ ಇಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದೆ. ಇಳಿದ ಮೇಲೆ ಕಸ್ಟಮ್ಸಿನ ಅಧಿಕಾರಿ ನಮ್ಮ ಚೀಲದಿಂದ ಮೂರು ಪೊಟ್ಟಣ ಹೊರಗೆ ತೆಗೆದ. ಒಂದರಲ್ಲಿ ರಾಗಿ ಹಿಟ್ಟು, ಒಂದರಲ್ಲಿ ಅರಿಶಿನ, ಒಂದರಲ್ಲಿ ವಿಭೂತಿ. ವಿಭೂತಿಯ ಪೊಟ್ಟಣವನ್ನು ಅವನು ಬಹಳ ಹೊತ್ತು ನೋಡಿದ. ನನ್ನ ಪರೀಕ್ಷೆಯ ಇಂಗ್ಲಿಷಿನಲ್ಲಿ ವಿಭೂತಿಗೆ ಶಬ್ದವಿರಲಿಲ್ಲ, ಬೂದಿ ಎಂದೆ. ಯಾರ ಬೂದಿ ಎಂದು ಕೇಳಿದ. ನಾನು ಬೆವರುತ್ತಿರುವಾಗ ಮಾವ ಕೈ ಚಾಚಿ ಮೂರು ಬೆರಳಲ್ಲಿ ವಿಭೂತಿ ತೆಗೆದು ಹಣೆಗೆ ಬಳಿದುಕೊಂಡು, ಆ ಅಧಿಕಾರಿಯ ಹಣೆಯತ್ತಲೂ ಕೈ ಚಾಚಿದರು. ಅವನು ಒಂದು ಹೆಜ್ಜೆ ಹಿಂದೆ ಸರಿದು, ಹೋಗಿ ಎಂದ.

ನಮ್ಮನ್ನು ಕರೆದುಕೊಂಡು ಹೋದ ಊರು ಅಲ್ಲಿಂದ ದೂರ, ನದಿಯ ದಂಡೆಯ ಮೇಲೆ. ಕೆಂಪು ಇಟ್ಟಿಗೆಯ ಗಿರಣಿಗಳು ಸಾಲಾಗಿ ನಿಂತಿದ್ದವು. ಎತ್ತರದ ಚಿಮಣಿ, ಉದ್ದುದ್ದ ಕಿಟಕಿ, ಗೇಟಿನ ಮುಂದೆ ಗಡಿಯಾರ. ಮಾವ ಕಾರಿನ ಗಾಜು ಇಳಿಸಿ ನೋಡಿದರು.

“ಇದು ನಮ್ ಕೋಯಂಬತ್ತೂರೇ ಅಮ್ಮಿಣಿ. ಹೊಗೆ ಇಲ್ಲೆ, ಅಷ್ಟೇ,” ಎಂದರು. ನಮ್ಮ ಕಡೆ ಮನೆಯ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಕರೆಯುವುದು ಅಮ್ಮಿಣಿ ಎಂದೇ.

ಹೊಗೆ ಮಾತ್ರವಲ್ಲ, ಪಾಳಿಗೆ ಕರೆಯುವ ಸಂಗು ಊದುವುದೂ ಇರಲಿಲ್ಲ, ಸೈಕಲ್ಲುಗಳ ಗುಂಪೂ ಇರಲಿಲ್ಲ. ಗಿರಣಿಗಳು ನಿಂತು ಬಹಳ ಕಾಲವಾಗಿದೆಯಂತೆ. ನಮ್ಮಲ್ಲೂ ಹೀಗಾದೀತೇ ಎಂದು ಮಾವ ಕೇಳಿದರು.

ವಾಲ್ಟರ್ ಮತ್ತು ರೂತ್ ಮನೆ

ನಾವು ಇಳಿದುಕೊಂಡದ್ದು ವಾಲ್ಟರ್ ಎಂಬವರ ಮನೆಯಲ್ಲಿ. ಅದೇ ಗಿರಣಿಯಲ್ಲಿ ಮಗ್ಗದ ಫಿಟ್ಟರ್ ಆಗಿದ್ದವರು, ಈಗ ಮ್ಯೂಸಿಯಂನ ಹಳೆಯ ಯಂತ್ರಗಳಿಗೆ ಎಣ್ಣೆ ಹಾಕುತ್ತಾರೆ. ದೊಡ್ಡ ಕೈ, ಸಣ್ಣ ಮಾತು. ಹೆಂಡತಿ ರೂತ್ ಎತ್ತರದ ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಯಾವಾಗಲೂ ಏನಾದರೂ ಒರೆಸುತ್ತಿರುವ ಕೈ.

ಮೊದಲ ದಿನವೇ ನಮ್ಮ ಮಾನ ಹೋಯಿತು. ಅವರ ಮೆಟ್ಟಿಲ ಪಕ್ಕದ ಗೋಡೆಯ ತುಂಬ ಮಕ್ಕಳ ಫೋಟೋಗಳು. ನಮ್ಮಲ್ಲಿ ಫೋಟೋ ಗೋಡೆ ಏರಿತೆಂದರೆ ಆ ಮನುಷ್ಯ ಇಲ್ಲವೆಂದು ಅರ್ಥ. ಅದಕ್ಕೊಂದು ಹಾರ, ಗಾಜಿನ ಮೇಲೆ ಕುಂಕುಮ, ಕೆಳಗೆ ಸಣ್ಣ ಕೆಂಪು ಬಲ್ಬು. ನನ್ನ ಮದುವೆಯ ಫೋಟೋ ತೂಗುಹಾಕಲು ಹೋದಾಗ ಅತ್ತೆ ಮೊಳೆಯನ್ನೇ ಕಿತ್ತುಕೊಂಡು, “ಬದುಕಿರೋರ್ನ ಯಾಕಮ್ಮಾ ಗೋಡೆಗೆ ಏರಿಸ್ತೀ?” ಎಂದು ಬೈದಿದ್ದರು. ಅದು ಇವತ್ತಿಗೂ ಟ್ರಂಕಿನಲ್ಲಿದೆ. ಈಗ ಇಲ್ಲಿ ಇಷ್ಟು ಮಕ್ಕಳನ್ನು ಗೋಡೆಯ ಮೇಲೆ ಕಂಡು ಮಾವ ಹೆಗಲ ಟವಲು ತೆಗೆದು ಕೈಮುಗಿದು ನಿಂತುಬಿಟ್ಟರು. “ಅಯ್ಯೋ ಪಾಪ, ಇಷ್ಟೊಂದಾ!” ಎಂದರು. ನಾನು ರೂತ್ ಕಡೆ ತಿರುಗಿ, ನಿಮ್ಮ ಮಕ್ಕಳ ವಿಷಯ ತಿಳಿದು ಬಹಳ ದುಃಖವಾಯಿತು ಎಂದೆ.

ಸಂಜೆ ಆ ಮಕ್ಕಳೆಲ್ಲ ಊಟಕ್ಕೆ ಬಂದರು. ರೂತ್‌ರ ತಂಗಿಯ ಮೊಮ್ಮಕ್ಕಳು, ಒಂದೊಂದೂ ಗುಂಡುಕಲ್ಲಿನಂತಿತ್ತು. ನಾನು ನಮ್ಮ ಗೋಡೆ, ಹಾರ, ಬಲ್ಬಿನ ಕಥೆ ಹೇಳಿದ್ದೇ ತಡ, ರೂತ್ ಮೇಜು ಹಿಡಿದುಕೊಂಡು ನಕ್ಕರು. ವಾಲ್ಟರ್ ಕೂಡ ತಟ್ಟೆಯೊಳಗೆ ನೋಡುತ್ತ ನಕ್ಕರು. ಆವತ್ತು ನಾನೂ ಮಾವನೂ ಒಂದು ತೀರ್ಮಾನಕ್ಕೆ ಬಂದೆವು: ಈ ದೇಶದಲ್ಲಿ ಫೋಟೋ ಎಂದರೆ ಬದುಕಿರುವವರದು.

ಮುಂದಿನ ಕೋಣೆಯಲ್ಲಿ ಪಿಯಾನೋದ ಮೇಲೆ ಇನ್ನೊಂದು ಫೋಟೋ ಇತ್ತು. ಬಿಳಿ ಟೋಪಿ, ಹಿತ್ತಾಳೆ ಗುಂಡಿಯ ಕಡುನೀಲಿ ಕೋಟು, ಟೋಪಿಯ ಎರಡು ಬದಿಗೂ ಚಾಚಿಕೊಂಡ ಕಿವಿ. ಹಾರವಿಲ್ಲ, ಕುಂಕುಮವಿಲ್ಲ. ಮಗನೇ ಎಂದು ಕೇಳಿದೆ. ಹೌದು, ಡ್ಯಾನಿ ಎಂದರು ರೂತ್. ಮರೀನ್ ಅಂತೆ, ಹಡಗಿನಲ್ಲಿ ಹೋಗಿ ದಡದಲ್ಲಿ ಇಳಿದು ಕಾದುವ ಪಡೆ. ಎಲ್ಲಿ ಎಂದೆ. ಬೈರೂತ್ ಎಂದರು, ಕಡಲಾಚೆ ಯುದ್ಧ ನಡೆಯುವ ಊರಂತೆ.

“ಹುಡುಗ ರಜೇಲಿ ಯಾವಾಗ ಬತ್ತಾನೆ ಅಂತ ಕೇಳು,” ಎಂದರು ಮಾವ.

ಕೇಳಿದೆ. ರೂತ್ ಕೈಯಲ್ಲಿದ್ದ ಬಟ್ಟೆಯಿಂದ ಪಿಯಾನೋದ ಮುಚ್ಚಳವನ್ನು ಒಂದು ಸಲ ಒರೆಸಿ, “ಗೊತ್ತಿಲ್ಲ,” ಎಂದರು. ವಾಲ್ಟರ್ ಎದ್ದು ಹಿತ್ತಲ ಶೆಡ್ಡಿಗೆ ಹೋದರು. ನಮ್ಮ ಬೀದಿಯಲ್ಲೂ ಸೈನ್ಯದ ಹುಡುಗನಿದ್ದಾನೆ, ಅವನ ರಜೆಯೂ ಮೇಲಿನವರ ಬಾಯಲ್ಲಿರುತ್ತದೆ. ಅವನ ತಾಯಿಯೂ ಕೇಳಿದವರಿಗೆಲ್ಲ ಗೊತ್ತಿಲ್ಲ ಎಂದೇ ಹೇಳುತ್ತಾಳೆ. ನಮಗೆ ಇದರಲ್ಲಿ ವಿಶೇಷ ಏನೂ ಕಾಣಲಿಲ್ಲ.

ಗಿರಣಿಯೊಳಗೆ

ಊರಲ್ಲಿ ನಮ್ಮದು ಗುಂಡಿಮಗ್ಗ. ನೆಲದಲ್ಲಿ ಗುಂಡಿ ತೋಡಿ ಕಾಲು ಇಳಿಬಿಟ್ಟು ಕೂರಬೇಕು. ಮ್ಯೂಸಿಯಂನವರು ನೆಲ ಅಗೆಯಲು ಬಿಡುತ್ತಾರೆಯೇ? ಮಾವ ಮುಖ ಊದಿಸಿಕೊಂಡು ಕೂತರು. ವಾಲ್ಟರ್ ಬಂದು ಮಗ್ಗದ ಸುತ್ತ ಒಂದು ಸುತ್ತು ಹಾಕಿ, ಮಾವನ ಕಾಲನ್ನು ಅಳತೆಪಟ್ಟಿಯಿಂದ ಅಳೆದು, ಮರದ ಹಲಗೆಗಳಿಂದ ಒಂದು ಜಗಲಿ ಕಟ್ಟಿದರು. ಜಗಲಿಯ ನಡುವೆ ಗುಂಡಿ. ಪ್ರಯಾಣದಲ್ಲಿ ಕಳೆದುಹೋಗಿದ್ದ ಒಂದು ಮರದ ಗೂಟವನ್ನೂ ಚಾಕುವಿನಲ್ಲಿ ಕೆತ್ತಿ ಕೊಟ್ಟರು. ಒಬ್ಬರ ಭಾಷೆ ಒಬ್ಬರಿಗೆ ತಿಳಿಯದು. ಆದರೂ ದಿನವೆಲ್ಲ ಮಾತಾಡಿಕೊಂಡೇ ಇರುತ್ತಿದ್ದರು, ಇವರು ಕನ್ನಡದಲ್ಲಿ, ಅವರು ಇಂಗ್ಲಿಷಿನಲ್ಲಿ.

ನೋಡಲು ಬರುವ ಜನ ಸಾಲಿನಲ್ಲಿ ನಿಲ್ಲುತ್ತಾರೆ, ಮುಟ್ಟುವ ಮೊದಲು ಕೇಳುತ್ತಾರೆ, ಸೀನಿದರೆ ಕ್ಷಮೆ ಕೇಳುತ್ತಾರೆ. ಇಷ್ಟೆಲ್ಲ ಮರ್ಯಾದೆಯವರು ಅಪರಿಚಿತಳಾದ ನನ್ನನ್ನು ಮಾತ್ರ ‘ಹನಿ’, ಎಂದರೆ ಜೇನು, ಎಂದು ಕರೆಯುವುದಕ್ಕೆ ನಾನು ಹೊಂದಿಕೊಳ್ಳಲು ಹಲವು ದಿನ ಹಿಡಿಯಿತು.

ಸಂಜೆ ಊಟದ ಮೇಜಿನಲ್ಲಿ ಮಾವ ಡ್ಯಾನಿಯ ಬಗ್ಗೆ ವಿಚಾರಿಸುವುದು ಅಭ್ಯಾಸವಾಯಿತು. ಎಷ್ಟು ಎತ್ತರ? ಏನು ಇಷ್ಟ? ಹೆಣ್ಣು ಗೊತ್ತಾಗಿದೆಯೇ? ಇವೆಲ್ಲ ನಮ್ಮಲ್ಲಿ ಯಾರ ಮನೆಯಲ್ಲೂ ಯಾರ ಮಗನ ಬಗ್ಗೆಯೂ ಕೇಳುವ ಮಾತು. ರೂತ್ ತಟ್ಟೆ ಬದಿಗೆ ಸರಿಸಿ ಉತ್ತರ ಹೇಳುತ್ತಿದ್ದರು. ಈ ಬಾಗಿಲ ಚೌಕಟ್ಟು ಮುಟ್ಟುವಷ್ಟು ಎತ್ತರ. ಚೀಸ್ ಹಾಕಿ ಬೇಯಿಸಿದ ಮೆಕರೋನಿಯನ್ನು ಪಾತ್ರೆಯಿಂದಲೇ ತಿನ್ನುತ್ತಾನೆ. ಈಜು ಬರುವುದಿಲ್ಲ ಎಂದು ಮುಚ್ಚಿಟ್ಟು ಸಮುದ್ರದ ಪಡೆಗೆ ಸೇರಿದ ಭೂಪ, ಅಲ್ಲಿ ಹೋಗಿ ಕಲಿತ. ಒಂದು ಹುಡುಗಿ ಇದ್ದಾಳೆ, ಇಬ್ಬರೂ ಮದುವೆ ಮಾತಾಡಿಕೊಂಡಿದ್ದರು. ಹೇಳುತ್ತ ಹೇಳುತ್ತ ರೂತ್ ಮುಖಕ್ಕೆ ಬಣ್ಣ ಬರುತ್ತಿತ್ತು. ವಾಲ್ಟರ್ ಮಾತ್ರ ಬೇಗ ಬೇಗ ಉಂಡು ಶೆಡ್ಡಿಗೆ ಹೋಗುತ್ತಿದ್ದರು. ಗಂಡಹೆಂಡಿರಿಗೆ ಏನೋ ಮನಸ್ತಾಪವಿರಬೇಕು ಎಂದುಕೊಂಡು ನಾನು ಪಾತ್ರೆ ತೊಳೆಯಲು ನಿಲ್ಲುತ್ತಿದ್ದೆ.

ಸೀರೆ ಮುಗಿದು ಬಿಳಿ ಹಾಸು ಮಗ್ಗ ಏರಿದ ದಿನ ಮಾವ, “ಆ ಹುಡುಗನಿಗೆ ಮದುವೆ ಶಲ್ಯ ನೇಯ್ದು ಕೊಟ್ಟು ಹೋಗಾನ ಅಮ್ಮಿಣಿ. ಅವರ ಮನೆ ಅನ್ನ ತಿಂದೀವಿ,” ಎಂದರು.

ಮದುವೆ ಶಲ್ಯಕ್ಕೆ ನಮ್ಮ ಮನೆತನದಲ್ಲಿ ಒಂದು ಕ್ರಮವಿದೆ. ಹಾಸಿನ ಎಳೆಗಳಿಗೆ ಅರಿಶಿನ ಮುಟ್ಟಿಸಿ, ಹೊದೆಯುವ ಹುಡುಗನ ಹೆಸರನ್ನು ಮೂರು ಸಲ ಮಗ್ಗದ ಮೇಲೆ ಹೇಳಿ, ಮೊದಲ ಎಳೆಯನ್ನು ಹುಡುಗನ ತಾಯಿಯ ಕೈಯಿಂದ ಹಾಕಿಸಬೇಕು. ಹೀಗೆ ಹೆಸರಿಟ್ಟ ಬಟ್ಟೆಯನ್ನು ಮುಗಿಯುವ ಮೊದಲು ಕತ್ತರಿಸುವಂತಿಲ್ಲ. ರೂತ್‌ರನ್ನು ಮ್ಯೂಸಿಯಂಗೆ ಕರೆಸಿದೆವು. ನಾನು ಎಲ್ಲವನ್ನೂ ವಿವರಿಸಿದೆ. ಅವರು ಚಪ್ಪಲಿ ಕಳಚಿ ಜಗಲಿ ಹತ್ತಿದರು. ಮಾವ “ಡ್ಯಾನಿ, ಡ್ಯಾನಿ, ಡ್ಯಾನಿ” ಎಂದರು. ರೂತ್ ಲಾಳಿ ತಳ್ಳಿದರು. ಅದು ಅರ್ಧ ದಾರಿಯಲ್ಲಿ ನಿಂತಿತು, ಮಾವ ಬೆರಳಿನಿಂದ ದಾಟಿಸಿದರು. ರೂತ್ ಅಳುತ್ತಿದ್ದರು. ಮಗ ದೂರದಲ್ಲಿರುವ ತಾಯಿ ಅಳದೆ ಇರುತ್ತಾಳೆಯೇ ಎಂದುಕೊಂಡು ನಾನೂ ಕಣ್ಣೊರೆಸಿಕೊಂಡೆ.

ಅಂಚಿನಲ್ಲಿ ಕೆಂಪು ಮೂಡಿ, ಬಟ್ಟೆ ಒಂದು ಮೊಳ ಬೆಳೆದಾಗ ವಾಲ್ಟರ್ ಎಣ್ಣೆ ಡಬ್ಬಿ ಹಿಡಿದು ಬಂದರು. ಚೆನ್ನಾಗಿದೆ, ಯಾರಿಗೆ ಎಂದು ಕೇಳಿದರು. ನಾನು ಹೆಮ್ಮೆಯಿಂದ, “ನಿಮ್ಮ ಡ್ಯಾನಿಯ ಮದುವೆಗೆ,” ಎಂದೆ.

ಅವರು ಡಬ್ಬಿಯನ್ನು ಜಗಲಿಯ ಮೇಲಿಟ್ಟು ಹೊರಟುಹೋದರು. ಡಬ್ಬಿ ಸಂಜೆಯವರೆಗೂ ಅಲ್ಲೇ ಇತ್ತು.

ಭಾನುವಾರ, ಗುಡ್ಡದ ಮೇಲೆ

ಭಾನುವಾರ ರೂತ್ ಚರ್ಚಿಗೆ ಹೋದ ಮೇಲೆ ವಾಲ್ಟರ್ ನಮ್ಮಿಬ್ಬರನ್ನೂ ಕಾರು ಹತ್ತಲು ಹೇಳಿದರು. ಊರು ತೋರಿಸುತ್ತಾರೆಂದು ಮಾವ ಒಗೆದ ಪಂಚೆ ಉಟ್ಟು, ಮೇಲೆ ವಾಲ್ಟರ್ ಕೊಟ್ಟ ಉಣ್ಣೆ ಕೋಟು ಹಾಕಿಕೊಂಡು ಬಂದರು. ಮರಗಳೆಲ್ಲ ಕೆಂಪಾಗಿದ್ದವು. ನಮ್ಮಲ್ಲಿ ಎಲೆ ಒಣಗಿದರೆ ಕಸ, ಇಲ್ಲಿ ಅದನ್ನು ನೋಡಲು ಜನ ಕಾರು ಮಾಡಿಕೊಂಡು ಬರುತ್ತಾರೆ. ಮಾವ ಒಂದೊಂದು ಮರದ ಬಣ್ಣವನ್ನೂ ಯಾವ ಸೀರೆಗೆ ಆದೀತೆಂದು ಹೇಳುತ್ತ ಕೂತಿದ್ದರು.

ಕಾರು ಗುಡ್ಡದ ಮೇಲೆ ನಿಂತಿತು. ಹುಲ್ಲಿನ ನಡುವೆ ಸಾಲು ಸಾಲು ಕಲ್ಲು. ವಾಲ್ಟರ್ ಮುಂದೆ ನಡೆದು ಒಂದು ಬಿಳಿಯ ಕಲ್ಲಿನ ಮುಂದೆ ನಿಂತರು. ಪಕ್ಕದಲ್ಲಿ ಕೈಯಗಲದ ಬಾವುಟ ನೆಟ್ಟಿತ್ತು. ನಾನು ಕಲ್ಲಿನ ಮೇಲಿನ ಹೆಸರು ಓದಿದೆ. ಕೆಳಗಿದ್ದ ಎರಡು ಇಸವಿಗಳನ್ನು ಓದಿದೆ. ಎರಡನೆಯದು ಎರಡು ವರ್ಷದ ಹಿಂದಿನದು.

“ಏನ್ ಬರೆದದೆ?” ಎಂದರು ಮಾವ.

“ಮಾವಾ, ಡ್ಯಾನಿ ಇಲ್ಲ. ತೀರಿಹೋಗಿದ್ದಾನೆ,” ಎಂದೆ.

ಬೈರೂತ್‌ನ ವಿಮಾನ ನಿಲ್ದಾಣದ ಹತ್ತಿರ ಮರಳುಚೀಲಗಳ ಹಿಂದೆ ಕಾವಲಿಗೆ ಕೂತಿದ್ದಾಗ ಶೆಲ್ ಬಿತ್ತಂತೆ. ಅವನಿಗೆ ಇಪ್ಪತ್ತು ವರ್ಷ. ವಾಲ್ಟರ್ ಇದನ್ನು ಗಿರಣಿಯ ಯಂತ್ರದ ವಿಷಯ ಹೇಳುವ ದನಿಯಲ್ಲಿ ಹೇಳಿದರು, ‘ಅವನು’ ಎಂದರೇ ಹೊರತು ಹೆಸರು ಹೇಳಲಿಲ್ಲ. ಈ ಮನೆಗೆ ಬಂದ ದಿನದಿಂದ ಅವರ ಬಾಯಲ್ಲಿ ಆ ಹೆಸರು ನಾನು ಕೇಳಿಯೇ ಇಲ್ಲ ಎನ್ನುವುದು ಆಗ ಹೊಳೆಯಿತು.

“ಆ ಬಟ್ಟೆ ನಿಲ್ಲಿಸಿ. ಅವಳು ಇವತ್ತಿಗೂ ಅವನ ಹಾಸಿಗೆಯ ಹೊದಿಕೆ ಬದಲಾಯಿಸುತ್ತಾಳೆ. ಈಗ ನೀವು ಮದುವೆ ಬಟ್ಟೆ ಬೇರೆ ಮಾಡುತ್ತಿದ್ದೀರಿ,” ಎಂದರು.

ಮಾವ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡರು. “ತಪ್ಪಾಯ್ತುಂಗ,” ಎಂದರು. ನಮ್ಮ ಕಡೆ ದೊಡ್ಡವರ ಮುಂದೆ ಆಡುವ ಮಾತಿಗೆಲ್ಲ ಆ ‘ಂಗ’ ಸೇರುತ್ತದೆ. ಅದನ್ನು ಇಂಗ್ಲಿಷಿಗೆ ತಿರುಗಿಸಲು ನನ್ನಿಂದ ಆಗಲಿಲ್ಲ. ವಾಲ್ಟರ್‌ಗೆ ಅರ್ಥವಾಯಿತೆಂದು ಕಾಣುತ್ತದೆ, ತಲೆಯಾಡಿಸಿದರು.

ಅಡುಗೆಮನೆ

ನನಗೆ ರೂತ್ ಮೇಲೆ ಸಿಟ್ಟು ಬಂದಿತ್ತು. ಮೋಸಹೋದವರ ಸಿಟ್ಟು ಅದು, ಬೇಗ ಇಳಿಯುವುದಿಲ್ಲ. ಚರ್ಚಿನಿಂದ ಬಂದವರನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. ಸತ್ತವನ ಹೆಸರನ್ನು ಮದುವೆ ಬಟ್ಟೆಯ ಮೇಲೆ ಹೇಳಿಸಿದಿರಲ್ಲ, ನಮ್ಮ ಮಾವ ಅದನ್ನು ಹೇಗೆ ತಡೆದುಕೊಳ್ಳುತ್ತಾರೆ ಎಂದೆ.

ರೂತ್ ಕೈಗವಸು ತೆಗೆದು ಮೇಜಿನ ಮೇಲಿಟ್ಟರು. “ಎರಡು ವರ್ಷದಿಂದ ನನ್ನನ್ನು ಕಂಡರೆ ಜನ ದನಿ ತಗ್ಗಿಸುತ್ತಾರೆ. ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲ ಕಡೆ. ಈ ಮನೆಯಲ್ಲಂತೂ ಅವನ ಹೆಸರೇ ಇಲ್ಲ. ನೀವು ಬಂದು, ಅವನಿಗೆ ಏನು ಇಷ್ಟ, ಎಷ್ಟು ಎತ್ತರ, ಯಾವಾಗ ಬರುತ್ತಾನೆ ಎಂದು ಕೇಳಿದಿರಿ. ನನಗೆ ಉತ್ತರ ಹೇಳಬೇಕೆನಿಸಿತು. ಮೊದಲ ದಿನ ಹೇಳಿದೆ. ಮರುದಿನ ನಿಲ್ಲಿಸಲು ಆಗಲಿಲ್ಲ,” ಎಂದರು. ಮೇಜನ್ನು ಬರಿಗೈಯಿಂದಲೇ ಒರೆಸುತ್ತ, “ಅದನ್ನು ಮುಗಿಸಿಕೊಡಿ. ಅರ್ಧಕ್ಕೆ ಬಿಡಬೇಡಿ,” ಎಂದರು.

ಬಾಗಿಲಲ್ಲಿ ನಿಂತಿದ್ದ ವಾಲ್ಟರ್, “ಬೇಡ,” ಎಂದರು.

ಗಂಡಹೆಂಡಿರು ನನ್ನ ಮುಂದೆ ಪರಸ್ಪರ ಆಡಿದ್ದು ಇಷ್ಟೇ. ಆಮೇಲೆ ಒಬ್ಬರು ಮೇಲೆ ಹೋದರು, ಒಬ್ಬರು ಶೆಡ್ಡಿಗೆ ಹೋದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ, ಕೈಗವಸುಗಳನ್ನು ಮಡಿಸಿಟ್ಟು ನಾನೂ ಹೊರಗೆ ಬಂದೆ.

ನಿಂತ ಮಗ್ಗ

ಮರುದಿನ ಮಾವ ಮಗ್ಗದ ಮುಂದೆ ಕೂತರು, ಲಾಳಿ ಮುಟ್ಟಲಿಲ್ಲ. ಜನ ಬಂದು ಸಾಲಾಗಿ ನಿಂತು, ಕಾದು, ಹೋದರು. ಮಾವನಿಗೆ ಹುಷಾರಿಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಒಣಗಿತು.

“ಕತ್ತರಿಸಿದ್ರೆ ನಾನೇ ಇನ್ನೊಂದು ಸಲ ಆ ಹುಡುಗನ್ನ ಕೊಂದಂಗೆ. ನೇಯ್ದರೆ ಮದುವೆ ಶಲ್ಯ, ಹೊದ್ಕೊಳ್ಳಾಕೆ ಹುಡುಗ ಇಲ್ಲೆ. ಆ ತಾಯಿ ಮುಗಿಸು ಅಂತದೆ, ತಂದೆ ಬ್ಯಾಡ ಅಂತಾನೆ. ನಾನ್ ಯಾರ್ ಮಾತು ಕೇಳಲಿ, ಹೇಳು ನೋಡಾನ,” ಎಂದರು ಮಾವ.

ಬಂದ ದಿನದಿಂದ ಎಲ್ಲ ಮಾತನ್ನೂ ನಾನೇ ಅತ್ತಿಂದಿತ್ತ ದಾಟಿಸಿದ್ದೆ. ಒಬ್ಬರ ಮುಖವನ್ನಾದರೂ ನೆಟ್ಟಗೆ ನೋಡಿದ್ದರೆ ತಿಳಿಯುತ್ತಿತ್ತೇನೋ. ನಮ್ಮ ಊರಿನ ಸಾವು ಹೇಗಿರುತ್ತದೆಂದು ನನಗೆ ಗೊತ್ತು: ಬೀದಿಗೆಲ್ಲ ಕೇಳುವ ಅಳು, ತಮಟೆ, ಮನೆ ತುಂಬ ನೆಂಟರು, ಮಾತು, ಮತ್ತೆ ಮಾತು. ಇಷ್ಟು ಅಚ್ಚುಕಟ್ಟಾಗಿ ಒರೆಸಿಟ್ಟ ಮನೆಯೊಳಗೆ ಸಾವು ಕೂತಿರುತ್ತದೆಂದು ನನಗೆ ತೋಚಲೇ ಇಲ್ಲ.

ಸಂಜೆ ಮನೆಗೆ ನಡೆದು ಬರುವಾಗ ಮಾವ ದಾರಿಯಲ್ಲಿ ನಿಂತು ಆಕಾಶ ನೋಡಿದರು. ಮೂರು ದಿನದಿಂದ ಬೆಳಗಿನ ಜಾವದಲ್ಲೂ ಅವರು ಚಂದ್ರನನ್ನು ಕಂಡಿಲ್ಲವಂತೆ.

“ಅಮ್ಮಿಣಿ, ಇದು ಪುರಟ್ಟಾಸಿ ತಿಂಗಳು ಅಲ್ಲವಾ? ಮಾಳಯ ಅಮಾಸೆ ಹತ್ರ ಬಂತು.”

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಮರುದಿನವೇ ಮಹಾಲಯ ಅಮಾವಾಸ್ಯೆ.

ಆ ದಿನ ನಮ್ಮ ಮನೆಯಲ್ಲಿ ತೀರಿಕೊಂಡವರಿಗೆಲ್ಲ ಎಡೆ ಇಡುತ್ತೇವೆ. ಅವರವರಿಗೆ ಇಷ್ಟವಾದ ಅಡುಗೆ, ಜೊತೆಗೆ ಹೊಸ ಬಟ್ಟೆ. ಮಾವನ ತಮ್ಮನೊಬ್ಬ ಮದುವೆಗೆ ಮೊದಲೇ ಭವಾನಿ ಹೊಳೆಯ ಪಾಲಾಗಿದ್ದ. ಅವನ ಹೆಸರಲ್ಲಿ ಪ್ರತಿ ವರ್ಷ ಒಂದು ಪಂಚೆ. ಎಡೆ ಮುಗಿದ ಮೇಲೆ ಆ ಪಂಚೆಯನ್ನು ಮಾವನೇ ಉಡುತ್ತಾರೆ. ಸತ್ತವರ ಬಟ್ಟೆಯನ್ನು ಮನೆಯ ಗಂಡಸು ಯಾರಾದರೂ ಉಡಲೇಬೇಕು, ಪೆಟ್ಟಿಗೆಯಲ್ಲಿ ಇಡುವಂತಿಲ್ಲ.

ಮಾವ ಸರಸರನೆ ನಡೆಯತೊಡಗಿದರು. ನಾನು ಓಡಬೇಕಾಯಿತು.

ರೂತ್, ವಾಲ್ಟರ್ ಇಬ್ಬರನ್ನೂ ಮೇಜಿನ ಮುಂದೆ ಕೂರಿಸಿ ಮಾವ ಹೇಳಿದ್ದನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಶಲ್ಯವನ್ನು ಮುಗಿಸುತ್ತೇವೆ, ಆದರೆ ಮದುವೆಗಲ್ಲ. ಅವನಿಗೆ ಇಷ್ಟವಾದದ್ದನ್ನು ಅಡುಗೆ ಮಾಡಿ. ಬಟ್ಟೆಯನ್ನು ಅದರ ಪಕ್ಕದಲ್ಲಿ ಇಡೋಣ. ಆಮೇಲೆ ಬಾಗಿಲಿಗೆ ಹೋಗಿ ಅವನನ್ನು ಹೆಸರು ಹಿಡಿದು ಊಟಕ್ಕೆ ಕರೆಯಬೇಕು. ಕರೆಯುವುದು ತಂದೆಯ ಕೆಲಸ.

“ನಾನು ಇದನ್ನೆಲ್ಲ ನಂಬುವುದಿಲ್ಲ,” ಎಂದರು ವಾಲ್ಟರ್.

ಮಾವ ನನ್ನ ಅನುವಾದ ಕೇಳಿ, “ನಂಬದ್ ಬ್ಯಾಡ ಅಂತ ಹೇಳು. ಉಣ್ಣಾಕೆ ಕರೀಬೇಕು, ಅಷ್ಟೇ,” ಎಂದರು.

ವಾಲ್ಟರ್ ಎದ್ದು ಶೆಡ್ಡಿಗೆ ಹೋದರು. ರೂತ್ ಅವರ ಬೆನ್ನನ್ನೇ ನೋಡುತ್ತ, “ಬರುವುದಿಲ್ಲ,” ಎಂದರು.

ಅಮಾವಾಸ್ಯೆ

ಬೆಳಗಿನಿಂದ ಮಾವ ಕೈ ನಿಲ್ಲಿಸಲಿಲ್ಲ. ನಾನು ಕಂಡಿಕೆ ಸುತ್ತಿ ಕೊಡುತ್ತ ಹೋದೆ. ಮದುವೆ ಶಲ್ಯವಾಗಿದ್ದರೆ ಕೊನೆಗೆ ಜರಿಯ ಪಟ್ಟಿ ಬರಬೇಕಿತ್ತು. ಮಾವ ಜರಿಯನ್ನು ಎತ್ತಿಟ್ಟು ಕೆಂಪು ರೇಷ್ಮೆಯಲ್ಲೇ ಮುಗಿಸಿದರು. ಮಗ್ಗದಿಂದ ಕತ್ತರಿಸುವಾಗ ಅವರ ಬಾಯಿ ಏನೋ ಗುನುಗುತ್ತಿತ್ತು, ಏನೆಂದು ನಾನು ಕೇಳಲಿಲ್ಲ.

ಸಂಜೆ ರೂತ್ ಮೆಕರೋನಿ ಬೇಯಿಸಿ, ಚೀಸ್ ಹಾಕಿ, ಚಾಕೊಲೇಟಿನ ಕೇಕೂ ಮಾಡಿದರು. ಬಾಳೆಲೆ ಎಲ್ಲಿಂದ ಬರಬೇಕು? ಡ್ಯಾನಿಯ ತಟ್ಟೆಯನ್ನೇ ತೆಗೆದರು. ಅಂಚಿನಲ್ಲಿ ಸಣ್ಣ ಬಿರುಕಿತ್ತು. ಮಾವ ಅದನ್ನು ಪಿಯಾನೋದ ಕೆಳಗೆ ನೆಲದ ಮೇಲೆ ಇಡಿಸಿ, ಪಕ್ಕದಲ್ಲಿ ಶಲ್ಯವನ್ನು ಮಡಿಸಿಟ್ಟು, ಒಂದು ಮೇಣದ ಬತ್ತಿ ಹಚ್ಚಿದರು. ವಾಲ್ಟರ್ ಮಧ್ಯಾಹ್ನದಿಂದ ಕಂಡಿರಲಿಲ್ಲ. ನಾವು ಮೂವರೂ ನೆಲದ ಮೇಲೆ ಕೂತೆವು. ರೂತ್ ಮಂಡಿ ಮಡಿಸಲು ಬಾರದೆ ಕಾಲು ಚಾಚಿ ಕೂತಿದ್ದರು.

“ತಾಯಿ ಕರೆದರೂ ಆಗುತ್ತದಾ ಮಾವಾ?” ಎಂದೆ.

“ಇನ್ನೊಂದ್ ಚೂರು ನೋಡಾನ,” ಎಂದರು. ಮೆಕರೋನಿ ಆರುತ್ತಿತ್ತು.

ಆಗ ಹಿಂದಿನ ಬಾಗಿಲು ತೆರೆಯಿತು. ವಾಲ್ಟರ್ ಒಳಗೆ ಬಂದರು, ಕೈಯಲ್ಲೊಂದು ಬಿಯರ್ ಬಾಟಲಿ. ಯಾರ ಮುಖವನ್ನೂ ನೋಡದೆ ಅದನ್ನು ತಟ್ಟೆಯ ಪಕ್ಕದಲ್ಲಿಟ್ಟರು. “ಅವನು ಹದಿನೇಳನೇ ವಯಸ್ಸಿಗೆ ಇದನ್ನು ಕುಡಿದು ಸಿಕ್ಕಿಬಿದ್ದಾಗ ಹೊಡೆದಿದ್ದೆ,” ಎಂದರು. ನಾನು ಮಾವನಿಗೆ ಹೇಳಿದೆ. ಮಾವ ಬಾಟಲಿಯನ್ನು ತಟ್ಟೆಗೆ ಇನ್ನಷ್ಟು ಹತ್ತಿರ ಸರಿಸಿದರು. ನಮ್ಮೂರಲ್ಲಿ ಎಡೆಗೆ ಬೀಡಿಯನ್ನೂ ಇಡುತ್ತಾರೆ, ಸಾರಾಯಿಯನ್ನೂ ಇಡುತ್ತಾರೆ.

ಮಾವ ಶಲ್ಯವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದು ನಿಂತರು. ಬಟ್ಟೆ ಎಡೆ ಮುಗಿದ ಮೇಲೆ ಕೊಡಬೇಕಾದದ್ದು, ಮಾವ ಕ್ರಮವನ್ನೇ ಮರೆತರೋ ಬೇಕೆಂದೇ ಬಿಟ್ಟರೋ, ನಾನು ಇವತ್ತಿಗೂ ಕೇಳಿಲ್ಲ. ವಾಲ್ಟರ್ ಎತ್ತರದವರು. ಮಾವ ಕಾಲ್ಬೆರಳ ಮೇಲೆ ನಿಂತು, ಆ ಚೌಕಳಿ ಅಂಗಿಯ ಮೇಲೆ, ಎರಡೂ ಹೆಗಲಿಗೆ ಬರುವಂತೆ ಹೊದಿಸಿದರು. ಒಂದು ಸಲ ಅಂಚನ್ನು ನೇವರಿಸಿ ಸರಿಮಾಡಿದರು. ವಾಲ್ಟರ್ ತಲೆ ಬಗ್ಗಿಸಿದರು.

“ಹೋಗಿ ಕರೀಯಪ್ಪಾ,” ಎಂದರು ಮಾವ. ಅದನ್ನು ನಾನು ಇಂಗ್ಲಿಷಿಗೆ ತಿರುಗಿಸಬೇಕಾಗಿ ಬರಲಿಲ್ಲ.

ವಾಲ್ಟರ್ ಹಿಂದಿನ ಬಾಗಿಲಿಗೆ ಹೋಗಿ ಚಿಲಕ ತೆಗೆದರು. ಹೊರಗೆ ಚಳಿ. ಬೇಲಿಯಾಚೆ ಪಕ್ಕದ ಮನೆಯವರು ಎಲೆ ಗುಡಿಸುತ್ತಿದ್ದರು. ರೂತ್ ನನ್ನ ಕೈಯನ್ನು ನೋಯುವಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರು.

“ಡ್ಯಾನಿ,” ಎಂದರು ವಾಲ್ಟರ್. ಅದು ಮೆಟ್ಟಿಲಿನಿಂದಾಚೆಗೆ ಕೇಳುವಷ್ಟೂ ಇರಲಿಲ್ಲ.

ಎಲೆ ಗುಡಿಸುತ್ತಿದ್ದ ಸದ್ದು ನಿಂತಿತು.

ವಾಲ್ಟರ್ ಒಂದು ಕೈಯಿಂದ ಚೌಕಟ್ಟು ಹಿಡಿದು ಹೊರಗೆ ಬಾಗಿ, ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಕೂಗಿದರು, “ಡ್ಯಾನೀ! ಒಳಗೆ ಬಾರೋ, ಊಟ ಆರಿಹೋಗ್ತಿದೆ!”